ಎಣಿಸಬಾರದವರ ಹೆಸರುಗಳು

ಅಂತಿಯೋಕ್ಯ
ನೀಸಾನ್ ತಿಂಗಳ ಇಪ್ಪತ್ತಾರು, ಪಸ್ಕಹಬ್ಬ ಮುಗಿದ ಐದನೆಯ ದಿನ

ಮಗೂ ಎಲ್ನಾತಾನ,

ನಿನಗೂ ನೀನು ತಂಗಿರುವ ಮನೆಗೂ ಶಾಂತಿಯಾಗಲಿ.

ಫ್ರುಗ್ಯದ ಬೆಟ್ಟಸೀಮೆಯಿಂದ ನೀನು ಬರೆದ ಮೊದಲ ಪತ್ರ ಹಬ್ಬದ ನಡುವೆ ತಲುಪಿತು. ಹುಳಿಯಿಲ್ಲದ ರೊಟ್ಟಿಯನ್ನು ಮುರಿಯುವ ಮುನ್ನ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ. ತಾಬ್ರಿಯದಂಥ ಊರಿನಲ್ಲಿ ಹನ್ನೊಂದು ಜನ ನದಿಗಿಳಿದು ದೀಕ್ಷಾಸ್ನಾನ ಮಾಡಿಸಿಕೊಂಡರೆಂಬ ಸಾಲು ಬಂದಾಗ ನನ್ನ ಗಂಟಲು ಕಟ್ಟಿತು. ನಿನ್ನ ತಲೆಯ ಮೇಲೆ ಕೈಯಿಟ್ಟು ಕಳುಹಿಸಿದ ದಿನ, ಇಷ್ಟು ಎಳೆಯವನನ್ನು ಅಷ್ಟು ದೂರ ಕಳುಹಿಸುವುದೇ ಎಂದು ಹಿರಿಯರು ಆಕ್ಷೇಪಿಸಿದ್ದರು. ಈಗ ಅವರೇ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿರೆನ್ನುತ್ತಾರೆ.

ಊರಿನ ಯೆಹೂದ್ಯರ ಸಭಾಮಂದಿರವನ್ನು ಮರೆಯಬೇಡ. ಅದು ನಮ್ಮ ತವರು. ಅಲ್ಲಿ ಓದುವ ಧರ್ಮಶಾಸ್ತ್ರವೇ ನಮ್ಮದೂ; ದೇವರು ಕಳುಹಿಸಿದ ರಕ್ಷಕನಾದ ಅಭಿಷಿಕ್ತನು ಹುಟ್ಟಿದ್ದು ಆ ಬೇರಿನಿಂದಲೇ. ಬೇರಿನ ಮೇಲೆ ಕೊಡಲಿಯಿಟ್ಟು ಚಿಗುರಿಗೆ ನೀರೆರೆಯುವವರ ಜೊತೆ ನೀನು ಸೇರಬಾರದು.

ಇನ್ನೊಂದು ಕೇಳಿಕೆ. ಆ ಹನ್ನೊಂದು ಮಂದಿಗೆ ನಮ್ಮ ಪೂರ್ವಿಕರ ಹೆಸರುಗಳನ್ನಿಡು; ವಿಗ್ರಹಗಳ ಹೆಸರನ್ನು ಹೊತ್ತು ಅವರು ಎಷ್ಟು ದಿನ ನಡೆಯಬೇಕು? ಇಟ್ಟ ಹೆಸರುಗಳನ್ನು ಬರೆದು ನನಗೆ ಕಳುಹಿಸು. ವಾರದ ಮೊದಲ ದಿನ ಸಭೆಯಲ್ಲಿ ಒಂದೊಂದಾಗಿ ಓದಿಸುತ್ತೇನೆ. ಹೆಸರು ತಿಳಿಯದವರಿಗಾಗಿ ಪ್ರಾರ್ಥಿಸುವಾಗ ನನ್ನ ಮನಸ್ಸು ಎಲ್ಲಿಯೂ ನಿಲ್ಲದು.

ಎಫೆಸದ ಕಡೆಯಿಂದ ಬಂದವರು ನಮ್ಮಂಥವರನ್ನು ಹಿಡಿಯುತ್ತಿದ್ದಾರೆಂದು ಏನೇನೋ ಸುದ್ದಿ ಹೇಳುತ್ತಿದ್ದಾರೆ. ದಾರಿಯ ಜನ ಯಾವಾಗಲೂ ಹಾಗೆಯೇ. ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ
ಶೆಮಾಯ

•

ತಾಬ್ರಿಯ
ಸೀವಾನ್ ತಿಂಗಳ ಒಂಬತ್ತು

ಪೂಜ್ಯ ಗುರುಗಳಿಗೆ,

ಎಲ್ನಾತಾನನ ವಂದನೆಗಳು. ತಮ್ಮ ಪತ್ರ ಬಂದು ಹದಿಮೂರು ದಿನಗಳಾದವು. ಉತ್ತರಿಸಲು ತಡವಾದುದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ತಾವು ಹೇಳುವ ಮೊದಲೇ ನಾನು ಸಭಾಮಂದಿರದ ಮಗನಾಗಿಬಿಟ್ಟಿದ್ದೇನೆ. ಇಲ್ಲಿನ ಮಂದಿರದ ಯೆಹೂದ್ಯರಿಗೆ ಅಮ್ಮಿಯಾ ಎಂಬ ಎಪ್ಪತ್ತರ ವಿಧವೆಯೇ ಮುಖ್ಯಸ್ಥೆ. ಮಂದಿರಕ್ಕೆ ನೆಲ ಕೊಟ್ಟದ್ದು ಅವರ ಮನೆತನ. ಮೊದಲ ದಿನ ನಾನು ಧೂಳುಗಾಲಿನಲ್ಲೇ ಅಭಿಷಿಕ್ತನ ವಿಚಾರ ಆರಂಭಿಸಿದಾಗ ಅವರು ಕೈಯೆತ್ತಿ ತಡೆದರು.

"ಅಂತಿಯೋಕ್ಯದಿಂದ ನಡ್ಕೊಂಡು ಬಂದ್ಯಾ? ಮೊದ್ಲು ಉಣ್ಣು. ಹಸಿದವನ ಬಾಯಲ್ಲಿ ದೇವರ ಮಾತೂ ಜಗಳದ ಥರ ಕೇಳುತ್ತೆ."

ಉಂಡ ಮೇಲೆ ಎಲ್ಲವನ್ನೂ ಕೇಳಿದರು. ಒಪ್ಪಲಿಲ್ಲ, ಹೊರಗೂ ಹಾಕಲಿಲ್ಲ. "ಬಂದಿದಾನೆ ಅಂತೀಯ. ನಾನು ಇನ್ನೂ ಬರ್ತಾನೆ ಅಂತೀನಿ. ಬಂದಾಗ ನೋಡೋಣ, ಇಬ್ಬರೂ ಬಾಗಿಲು ತೆಗೆದೇ ಇಟ್ಟಿರೋಣ" ಎಂದರು.

ನದಿಗಿಳಿದ ಹನ್ನೊಂದು ಮಂದಿಯೂ ಮೊದಲು ಇದೇ ಮಂದಿರದ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದ ಅನ್ಯಜನರು. ಉಣ್ಣೆ ತುಳಿದು ಹದಮಾಡುವ ತ್ರೊಕೊಂಡ ಎಂಬವನಿಗೆ ಓಬದ್ಯನೆಂದು ಹೆಸರಿಟ್ಟೆ. ಅವನ ಹೆಂಡತಿ ಅಪ್ಫಿಯ ಎಂಬವಳು ಬೀದಿಯವರಿಗೆಲ್ಲ ಸಾರುತ್ತಿದ್ದಾಳೆ: "ಇಪ್ಪತ್ತು ವರ್ಷ ತ್ರೊಕೊಂಡ ಅಂತ ಅರಚಿಕೊಂಡ್ರೂ ತಿರುಗಿ ನೋಡದ ಗಂಡ್ಸು! ಈಗ ಓಬದ್ಯ ಅಂದ್ರೆ ಸಾಕು, ತೊಟ್ಟಿಯಿಂದ ಹಾರಿ ಬರ್ತಾನೆ. ನೀರಲ್ಲಿ ಮುಳುಗಿಸಿದಾಗ ಕಿವೀನೂ ತೊಳೆದ್ರೇನೋ!"

ಗುರುಗಳೇ, ಇನ್ನು ನನ್ನ ಅಳುಕು. ಇಲ್ಲಿ ಪ್ರತಿ ಚಳಿಗಾಲ, ರೋಮಿನವರ ಹೊಸ ವರ್ಷದ ಮೂರನೆಯ ದಿನ, ಚಕ್ರವರ್ತಿಯ ಆಯುಸ್ಸಿಗಾಗಿ ಹರಕೆ ನಡೆಯುತ್ತದೆ. ಮೆರವಣಿಗೆ ಹಾದುಹೋಗುವಾಗ ಪ್ರತಿ ಮನೆಯವರೂ ಬಾಗಿಲ ಮುಂದೆ ಚಿಕ್ಕ ಬಲಿಪೀಠವಿಟ್ಟು ಧೂಪ ಹಾಕಬೇಕು. ಹುಟ್ಟು ಯೆಹೂದ್ಯರಿಗೆ ವಿನಾಯಿತಿಯಿದೆ. ಆ ಹಳೆಯ ಅಪ್ಪಣೆಯನ್ನು ಮಂದಿರದ ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ನಮ್ಮ ಹನ್ನೊಂದು ಜನಕ್ಕೆ ಅಂಥ ಕಲ್ಲು ಇಲ್ಲ. ಒಬ್ಬನೇ ದೇವರಿಗೆ ಒಪ್ಪಿಸಿಕೊಂಡ ಮೇಲೆ ಈ ವರ್ಷ ಅವರು ಧೂಪ ಹಾಕಲಾರರು. ಬಾಗಿಲು ಬರಿದಾಗಿದ್ದರೆ ಇಡೀ ಬೀದಿಗೆ ಕಾಣುತ್ತದೆ.

ಹೆಸರು ಬರೆದು ಕಳುಹಿಸುವ ಮಾತನ್ನು ಅಮ್ಮಿಯಾ ಅಜ್ಜಿಗೆ ಹೇಳಿದೆ. ಅವರು ಪ್ರಾರ್ಥನೆಗೆ ಹತ್ತು ಗಂಡಸರು ಕೂಡಿದರೇ ಎಂದು ನೋಡುವಾಗಲೂ ಬೆರಳು ಮಾಡಿ "ಒಂದಲ್ಲ, ಎರಡಲ್ಲ, ಮೂರಲ್ಲ" ಎನ್ನುವವರು.

"ಮನುಷ್ಯರನ್ನ ಎಣಿಸ್ತಾರೇನೋ? ಕುರಿ ಅಂದ್ಕೊಂಡ್ಯಾ? ದಾವೀದ ಅರಸ ಜನಗಣತಿ ಮಾಡಿದ್ದಕ್ಕೆ ಮೂರು ದಿನ ಹೆಣ ಬಿದ್ದಿದ್ದು ನಿಮ್ಮ ಗುರು ಹೇಳ್ಕೊಟ್ಟಿಲ್ವಾ?"

"ಎಣಿಕೆ ಅಲ್ಲ ಅಜ್ಜಿ, ಬರೀ ಹೆಸರು."

"ಒಂದರ ಕೆಳಗೆ ಒಂದು ಬರೆದ್ಮೇಲೆ ಅದು ಎಣಿಕೆ ಅಲ್ದೆ ಇನ್ನೇನು? ನೋಡು, ಬಾಯಲ್ಲಿರೋ ಹೆಸರನ್ನ ನಾಲಿಗೆ ಕಚ್ಕೊಂಡು ಉಳಿಸ್ಕೋಬಹುದು. ಬರೆದದ್ದು ನಿನ್ನ ಕೈಲಿರಲ್ಲ."

ಆದ್ದರಿಂದ ಬರೆದಿಲ್ಲ. ತಮ್ಮ ಅಪ್ಪಣೆಗೆ ಕಾದಿದ್ದೇನೆ.

ತಮ್ಮ ವಿಧೇಯ
ಎಲ್ನಾತಾನ

•

ಅಂತಿಯೋಕ್ಯ
ತಮ್ಮೂಜ್ ತಿಂಗಳ ಇಪ್ಪತ್ತು

ಮಗೂ,

ನಿನ್ನ ಅಳುಕು ನಿನ್ನ ಒಳ್ಳೆಯತನದಿಂದ ಹುಟ್ಟಿದ್ದು. ಅದಕ್ಕಾಗಿ ನಿನ್ನನ್ನು ಇನ್ನಷ್ಟು ಮೆಚ್ಚುತ್ತೇನೆ. ಆ ತಾಯಿಗೆ ನನ್ನ ಗೌರವಗಳನ್ನು ತಿಳಿಸು. ಆದರೆ ಶಾಸ್ತ್ರದ ಈ ಎಳೆಯನ್ನು ನಾನು ಮೂವತ್ತು ವರ್ಷ ಕಲಿಸಿದ್ದೇನೆ. ನಿಧಾನವಾಗಿ ಕೇಳು.

ದಾವೀದನು ಜನರನ್ನು ಎಣಿಸಿದ್ದು ತನ್ನ ಸೇನೆಯ ಬಲವನ್ನು ಅಳೆಯಲು. ಎಣಿಕೆಯಲ್ಲಿ ಒಬ್ಬನ ಜಾಗಕ್ಕೆ ಇನ್ನೊಬ್ಬ ಬಂದರೂ ಮೊತ್ತ ಕೆಡದು. ಅದೇ ಅದರ ಪಾಪ. ಹೆಸರು ಹಾಗಲ್ಲ. ಮಹಾಯಾಜಕನು ದೇವರ ಸನ್ನಿಧಿಗೆ ಹೋಗುವಾಗ ಹನ್ನೆರಡು ಕುಲಗಳ ಹೆಸರನ್ನು ಕಲ್ಲುಗಳಲ್ಲಿ ಕೆತ್ತಿಸಿ ಎದೆಯ ಮೇಲೆ ಧರಿಸುತ್ತಿರಲಿಲ್ಲವೇ? ಅದು ಗಣತಿಯಲ್ಲ, ಪ್ರೀತಿ. ದೇವಾಲಯ ಸುಟ್ಟು ಬೂದಿಯಾಯಿತು. ಆ ಎದೆಪದಕವನ್ನು ಧರಿಸುವವರು ಯಾರೂ ಉಳಿದಿಲ್ಲ. ಬಡವನಾದ ನಾನು ನಿನ್ನ ಹನ್ನೊಂದು ಹೆಸರನ್ನು ಹೊರಲು ಬಯಸಿದರೆ ತಪ್ಪೇ?

ನಿನಗೆ ಹೆದರಿಕೆಯಿದ್ದರೆ ಹಳೆಯ ಹೆಸರುಗಳನ್ನು ಬಿಟ್ಟುಬಿಡು. ಹೊಸ ಹೆಸರುಗಳನ್ನು ಮಾತ್ರ ಬರೆ. ಓಬದ್ಯನೆಂದು ಬರೆದರೆ ಅದು ಉಣ್ಣೆ ತುಳಿಯುವ ತ್ರೊಕೊಂಡನೆಂದು ದಾರಿಯಲ್ಲಿ ಯಾರಿಗೆ ತಿಳಿದೀತು? ಊರಿನ ಯೆಹೂದ್ಯರಲ್ಲಿಯೂ ಅಂಥ ಹೆಸರುಗಳು ಇದ್ದೇ ಇರುತ್ತವೆ. ಇದಕ್ಕಿಂತ ಭದ್ರವಾದ ಬೀಗ ನನಗೆ ತೋಚದು.

ಹರಕೆಯ ದಿನದ ಚಿಂತೆಯನ್ನು ಆ ದಿನಕ್ಕೆ ಬಿಡು. ಅಷ್ಟರಲ್ಲಿ ದಾರಿಯೊಂದು ತೆರೆದೀತೆಂಬ ಭರವಸೆ ನನಗಿದೆ.

ನಿನ್ನ
ಶೆಮಾಯ

•

ತಾಬ್ರಿಯ
ಆಬ್ ತಿಂಗಳ ಇಪ್ಪತ್ತೈದು

ಗುರುಗಳೇ,

ತಮ್ಮ ವಿವರಣೆಯನ್ನು ಮೂರು ಸಲ ಓದಿದೆ. ಎದೆಪದಕದ ಮಾತನ್ನು ನಮ್ಮವರಿಗೂ ಓದಿ ಹೇಳಿದೆ. ದೂರದ ಅಂತಿಯೋಕ್ಯದಲ್ಲಿ ತಂತಮ್ಮ ಹೆಸರು ಕೇಳಿಬರುವುದೆಂದು ಅವರೆಲ್ಲ ಮಕ್ಕಳಂತೆ ಹಿಗ್ಗಿದರು. ಹೊಸ ಹೆಸರುಗಳನ್ನು ಮಾತ್ರ ಒಂದರ ಕೆಳಗೊಂದು ಬರೆದು, ಮೇಲೆ ತಮ್ಮ ಹೆಸರನ್ನೂ ಕೆಳಗೆ ನನ್ನ ಹೆಸರನ್ನೂ ಹಾಕಿ, ನಿನ್ನೆ ತೊಗಲು ವ್ಯಾಪಾರಿಯೊಬ್ಬನ ಕೈಯಲ್ಲಿ ಕಳುಹಿಸಿದ್ದೇನೆ. ಅವನು ಕರಾವಳಿಯ ದಾರಿ ಹಿಡಿಯುವವನು. ಈ ಪತ್ರ ಬೆಟ್ಟದ ದಾರಿಯಲ್ಲಿ ಬರುತ್ತದೆ. ಯಾವುದು ಮೊದಲು ಮುಟ್ಟುವುದೋ ಕಾಣೆ.

ಅಮ್ಮಿಯಾ ಅಜ್ಜಿಗೆ ತಿಳಿಸಲಿಲ್ಲ. ಅವರಿಂದ ನಾನು ಮುಚ್ಚಿಟ್ಟ ಮೊದಲ ಸಂಗತಿ ಇದು.

ಎಲ್ನಾತಾನ

•

ಅಂತಿಯೋಕ್ಯ
ಏಲೂಲ್ ತಿಂಗಳ ಇಪ್ಪತ್ತೇಳು

ಮಗೂ ಎಲ್ನಾತಾನ,

ನಿನ್ನ ಪತ್ರ ಮೂರು ದಿನಗಳ ಹಿಂದೆ ಬಂತು. ಹೆಸರುಗಳು ಬಂದಿಲ್ಲ. ಕರಾವಳಿಯ ದಾರಿ ಸುತ್ತಿನದು. ಹಡಗುಗಳು ಗಾಳಿಗೆ ಕಾದು ಕೂರುತ್ತವೆ. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ನಿನ್ನೆ ಸಭೆಯಲ್ಲಿ "ತಾಬ್ರಿಯದವರು" ಎಂದಷ್ಟೇ ಹೇಳಿ ಕೂರಬೇಕಾದಾಗ ಬಾಯಿ ಬರಿದಾದಂತಾಯಿತು.

ಓಲೆ ಕಳೆದೇಹೋಗಿದ್ದರೆ ಚಿಂತಿಸಬೇಡ. ಹನ್ನೊಂದು ಹೆಸರು ನಿನ್ನ ನೆನಪಿನಲ್ಲಿ ಇದ್ದೇ ಇವೆ; ಇನ್ನೊಂದು ಪ್ರತಿ ಬರೆದು ಕಳುಹಿಸು. ಜೊತೆಗೆ ಒಬ್ಬೊಬ್ಬರ ಕಸುಬನ್ನೂ ಒಂದು ಮಾತಿನಲ್ಲಿ ಸೇರಿಸಿದರೆ ಅವರನ್ನು ಕಣ್ಣಾರೆ ಕಂಡಂತಾಗುತ್ತದೆ.

ನಿನ್ನ
ಶೆಮಾಯ

•

ತಾಬ್ರಿಯ
ತಿಶ್ರಿ ತಿಂಗಳ ಹನ್ನೆರಡು, ಪ್ರಾಯಶ್ಚಿತ್ತದ ದಿನ ಕಳೆದು ಎರಡು ದಿನ

ಗುರುಗಳೇ,

ಪಟ್ಟಿ ತಮಗೆ ತಲುಪಿಲ್ಲವೆಂದು ನನಗೆ ಗೊತ್ತು. ಹೇಗೆ ಗೊತ್ತಾಯಿತೆಂದು ಬರೆಯುತ್ತೇನೆ.

ಪ್ರಾಯಶ್ಚಿತ್ತದ ದಿನಕ್ಕೆ ಮುಂಚಿನ ಸಂತೆಯಲ್ಲಿ ತ್ರೊಕೊಂಡನ ಜೊತೆ ಉಣ್ಣೆಯ ಸಾಲಿನಲ್ಲಿ ನಿಂತಿದ್ದೆ. ಪಟ್ಟಣದ ಕರಣಿಕ ಹೆರ್ಮೊಗೆನ ಅತ್ತ ಬಂದ. ಸೌಮ್ಯ ಮನುಷ್ಯ, ಯಾರ ಮೇಲೂ ದನಿಯೆತ್ತಿದ್ದನ್ನು ನಾನು ಕಂಡಿಲ್ಲ. ಕೈಯಲ್ಲಿದ್ದ ಅಂಜೂರವನ್ನು ಕಚ್ಚುತ್ತ, ಯಾರ ಕಡೆಗೂ ನೋಡದೆ, ನೆರೆಮನೆಯವರನ್ನು ಕರೆಯುವಂತೆ ಕೂಗಿದ:

"ಓಬದ್ಯಾ!"

ತ್ರೊಕೊಂಡ ತಿರುಗಿದ.

"ಅರೆ, ತ್ರೊಕೊಂಡ! ನಿನ್ನನ್ನಲ್ಲಪ್ಪ ಕರೆದಿದ್ದು" ಎಂದು ಕರಣಿಕ ನಕ್ಕ. "ಕಿವಿ ಬಹಳ ಚುರುಕಾಗಿದೆ ಕಣಯ್ಯಾ ನಿನಗೆ. ಹೂಂ, ಕೆಲಸ ನೋಡ್ಕೋ."

ಅದೇ ಕೂಗಿಗೆ ಆಚೆ ಸಾಲಿನಲ್ಲಿ ಅಮ್ಮಿಯಾ ಅಜ್ಜಿಯ ಅಳಿಯನೂ ತಿರುಗಿದ್ದ. ಕುದುರೆಯ ಜೀನು ಹೊಲಿಯುವ ಅವನು ಹುಟ್ಟಿನಿಂದಲೇ ಓಬದ್ಯ. ಅವನಿಗೆ ಕರಣಿಕ, "ನೀನು ಇರ್ಲಿ ಬಿಡು, ನೀನು ಗೊತ್ತಿರೋನೇ" ಎಂದು ಕೈ ಬೀಸಿದ.

ಮರುದಿನ ಬಾವಿಯ ಬಳಿ "ಹುಲ್ದಾ" ಎಂದು ಕೂಗು ಬಂತು. ಕೊಡ ಎತ್ತುತ್ತಿದ್ದವಳೊಬ್ಬಳು ತಲೆಯೆತ್ತಿದಳು. ಈವರೆಗೆ ನಮ್ಮವರು ನಾಲ್ವರು ಹೀಗೆ ತಿರುಗಿದ್ದಾರೆ. ಯಾರನ್ನೂ ಹಿಡಿದಿಲ್ಲ, ಯಾರನ್ನೂ ಬೈದಿಲ್ಲ. ಕೂಗುತ್ತಾನೆ, ನೋಡುತ್ತಾನೆ, ಮುಂದೆ ಹೋಗುತ್ತಾನೆ.

ಈಗ ಅಪ್ಫಿಯ ತನ್ನ ಗಂಡನನ್ನು ಹಳೆಯ ಹೆಸರಿನಿಂದಲೇ, ಬೇಕೆಂದೇ ಗಟ್ಟಿಯಾಗಿ ಕರೆಯುತ್ತಾಳೆ. ಅವಳ ನಗೆಮಾತು ನಿಂತಿದೆ. ಉಳಿದ ಏಳು ಮಂದಿ ಕುತ್ತಿಗೆ ಬಿಗಿಹಿಡಿದು ಬೀದಿಯಲ್ಲಿ ನಡೆಯುತ್ತಾರೆ. ಹಿಂದಿನಿಂದ ತಮ್ಮ ಮಗುವೇ ಕರೆದರೂ ತಿರುಗುವುದಿಲ್ಲ.

ಅಜ್ಜಿಗೆ ಎಲ್ಲವನ್ನೂ ಒಪ್ಪಿಕೊಂಡೆ. "ನೀನು ಹುಟ್ಟು ಯೆಹೂದ್ಯ. ನಿನ್ನ ಹೆಸರು ಕಲ್ಲಿನ ಅಪ್ಪಣೆಯೊಳಗಿದೆ. ಹೊರಟುಹೋಗು" ಎಂದರು. ಆ ಹೆಸರುಗಳನ್ನು ಇಟ್ಟವನು ನಾನು. ಹೋಗಲಾರೆ.

ಎಲ್ನಾತಾನ

•

ತಾಬ್ರಿಯ
ಮಾರ್ಹೆಷ್ವಾನ್ ತಿಂಗಳ ಹತ್ತು

ಅಂತಿಯೋಕ್ಯದ ಶೆಮಾಯರಿಗೆ, ತಾಬ್ರಿಯ ಸಭಾಮಂದಿರದ ಅಮ್ಮಿಯಾ ಬರೆಸುವುದು. ಬರೆಯುತ್ತಿರುವವನು ನನ್ನ ಅಳಿಯ ಓಬದ್ಯ.

ನಿಮ್ಮನ್ನು ನಾನು ಕಂಡವಳಲ್ಲ. ಆದರೆ ನಿಮ್ಮ ಕೊನೆಯ ಪತ್ರ ಎಲ್ನಾತಾನನಿಗೆ ಮುಟ್ಟುವ ಮೊದಲು ಕರಣಿಕನ ಕೈಗೆ ಮುಟ್ಟಿತೆಂಬುದನ್ನು ನೀವು ತಿಳಿಯಬೇಕು. ಕರಾವಳಿಯ ಕಾವಲುಕಟ್ಟೆಯಲ್ಲಿ ತೊಗಲು ವ್ಯಾಪಾರಿಯ ಚೀಲವನ್ನು ಬಿಚ್ಚಿಸಿದಾಗಲೇ ಪಟ್ಟಿ ಸಿಕ್ಕಿತ್ತು. ಆಮೇಲೆ ಅಂತಿಯೋಕ್ಯದಿಂದ ಬರುವ ಪ್ರತಿ ಓಲೆಯನ್ನೂ ಕಾಯುತ್ತಿದ್ದರು. ಇನ್ನೊಂದು ಪ್ರತಿ ಬೇಕು, ಕಸುಬುಗಳೂ ಬೇಕು ಎಂದು ನೀವು ಬರೆದಿದ್ದಿರಿ. ಕರಣಿಕನಿಗೂ ಬೇಕಿದ್ದದ್ದು ಅದೇ.

ಕಳೆದ ಸಬ್ಬತ್ತಿನ ಪ್ರಾರ್ಥನೆಯಂದು ಅವನು ಇಬ್ಬರು ಕಾವಲುಗಾರರೊಂದಿಗೆ ಮಂದಿರಕ್ಕೆ ಬಂದ. ಪಾದರಕ್ಷೆ ಕಳಚಿ ಒಳಗೆ ಬಂದನೆಂಬುದನ್ನೂ ಹೇಳಬೇಕು.

"ಅಮ್ಮಾ, ನಿಮ್ಮ ಜನಕ್ಕೆ ತೊಂದ್ರೆ ಮಾಡಕ್ಕೆ ಬಂದಿಲ್ಲ" ಎಂದ. "ಈ ಹೆಸರುಗಳು ನಿಮ್ಮವರದಾ, ಅಲ್ವಾ, ಅಷ್ಟು ಹೇಳಿ ಸಾಕು."

ಓದುತ್ತ ಹೋದ. ಓಬದ್ಯ ಎಂದಾಗ ನನ್ನ ಅಳಿಯ ಎದ್ದು ನಿಂತ. "ನೀನು ಕೂತ್ಕೋ. ಇನ್ನೊಬ್ಬ ಓಬದ್ಯ ಯಾರು?" ಎಂದು ಕರಣಿಕ, ಗೊತ್ತಿದ್ದೂ ನಮ್ಮ ಬಾಯಿಂದ ಹೇಳಿಸಲು, ಕೇಳಿದ. ಅಳಿಯ, "ನನಗೆ ಗೊತ್ತಿರೋ ಓಬದ್ಯ ನಾನೊಬ್ಬನೇ ಸ್ವಾಮಿ" ಎಂದ. ತ್ರೊಕೊಂಡ ಅವನ ಹಿಂದಿನ ಸಾಲಿನಲ್ಲೇ ಕುಳಿತಿದ್ದ.

ನಾನು ಎದ್ದೆ. "ಹೆರ್ಮೊಗೆನ, ನಿನ್ನ ತೊಟ್ಟಿಲು ತೂಗಿದ ಕೈ ಇದು. ಈ ಛಾವಣಿ ಕೆಳಗೆ ಕೂತವರೆಲ್ಲ ನಮ್ಮವರೇ ಅಂತ ಬರ್ಕೋ, ಹೋಗು" ಎಂದೆ.

"ಬರ್ಕೊಳ್ತಿದ್ದೆ ಅಮ್ಮಾ, ದೇವರಾಣೆ. ಆದ್ರೆ ಅವರು ಬೇರೆ ಅಂತ ನಿಮ್ಮ ಹುಡುಗನೇ ಪಟ್ಟಿ ಮಾಡಿ ಕೊಟ್ಟಿದಾನಲ್ಲ" ಎಂದ. ಶೆಮಾಯರೇ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿದ್ದರೆ ಬರೆಯಿರಿ.

ಆಗ ಎಲ್ನಾತಾನ ಎದ್ದು, "ಬರೆದವನು ನಾನು" ಎಂದ. ಅವನನ್ನು ಕರೆದೊಯ್ದು ಕೋಟೆಬಾಗಿಲಿನ ಕೋಣೆಯಲ್ಲಿ ಇಟ್ಟಿದ್ದಾರೆ. ಹೊಡೆದಿಲ್ಲ. ದಿನಕ್ಕೊಮ್ಮೆ ನಾನು ಊಟ ಕೊಡುತ್ತೇನೆ.

ಕರಣಿಕ ಹೇಳಿದ ಷರತ್ತು ಹೀಗಿದೆ. ಗುರುತು ಸಿಕ್ಕ ನಾಲ್ವರು ಹರಕೆಯ ದಿನ ಬಾಗಿಲಲ್ಲಿ ಧೂಪ ಹಾಕಿದರೆ ಬಿಟ್ಟುಬಿಡುತ್ತಾರೆ. ಉಳಿದ ಏಳು ಹೆಸರು ಯಾರವೆಂದು ಬರೆದವನು ಅಥವಾ ಬರೆಸಿಕೊಂಡವನು ಅದೇ ದಿನದೊಳಗೆ ಬಂದು ಹೇಳಬೇಕು. ಯಾರೂ ಹೇಳದಿದ್ದರೆ ಆ ಏಳರ ತಪ್ಪನ್ನೂ ಎಲ್ನಾತಾನನ ತಲೆಗೆ ಕಟ್ಟಿ ಪ್ರಾಂತ್ಯದ ಅಧಿಪತಿಯ ಬಳಿಗೆ ಕಳುಹಿಸುತ್ತಾರೆ. ಅಲ್ಲಿಗೆ ಹೋದವರು ಹಿಂದಿರುಗಿದ್ದನ್ನು ನಾನು ನೋಡಿಲ್ಲ.

ನಾಲ್ವರಲ್ಲಿ ಮೂವರು ಆಗಲೇ ಬಲಿಪೀಠದ ಕಲ್ಲು ಕೊಂಡಿದ್ದಾರೆ. ಅವರಿಗೆ ಮಕ್ಕಳಿದ್ದಾರೆ, ನಾನು ಅವರ ಮುಖ ನೋಡಿ ಮಾತಾಡಿಸುವುದನ್ನು ಬಿಟ್ಟಿಲ್ಲ. ತ್ರೊಕೊಂಡ ಕೊಂಡಿಲ್ಲ. ಅಪ್ಫಿಯ ಕೊಳ್ಳೆಂದೂ ಹೇಳುತ್ತಿಲ್ಲ, ಬೇಡವೆಂದೂ ಹೇಳುತ್ತಿಲ್ಲ.

ಬನ್ನಿರೆಂದು ನಾನು ಬರೆಯುತ್ತಿಲ್ಲ. ಎಲ್ನಾತಾನ ನಿಮಗೆ ಇದನ್ನು ತಿಳಿಸಲೇಬಾರದೆಂದು ಕೇಳಿಕೊಂಡಿದ್ದ. ನಾನು ಮಾತು ಕೊಟ್ಟಿರಲಿಲ್ಲ.

ಅಮ್ಮಿಯಾ

•

ಅಂತಿಯೋಕ್ಯ
ಮಾರ್ಹೆಷ್ವಾನ್ ತಿಂಗಳ ಹದಿನಾಲ್ಕು

ಮಗೂ,

ಸಂತೆಯ ಸಂಗತಿ ಬರೆದ ನಿನ್ನ ಪತ್ರ ಈಗಷ್ಟೇ ಬಂತು. ಓಲೆಯವನು ಹೊಸಿಲಲ್ಲೇ ನಿಂತಿದ್ದಾನೆ. ಇಂದೇ ಹೊರಡು. ಯಾರಿಗೂ ಹೇಳಬೇಡ. ಹೆಸರುಗಳನ್ನು ಮತ್ತೆ ಬರೆಯಬೇಡ. ಬಂದುಬಿಡು.

ಶೆಮಾಯ

•

ಅಂತಿಯೋಕ್ಯ
ಕಿಸ್ಲೇವ್ ತಿಂಗಳ ಹದಿಮೂರು

ಮಗೂ ಎಲ್ನಾತಾನ,

ಅಮ್ಮಿಯಾ ತಾಯಿಯ ಪತ್ರ ಇಂದು ಬೆಳಿಗ್ಗೆ ಬಂತು. ಬಂದುಬಿಡು ಎಂದು ನಾನು ಬರೆದ ಹೊತ್ತಿಗೆ ನೀನು ಕೋಟೆಬಾಗಿಲಿನಲ್ಲಿದ್ದೆ.

ಅವರ ಪ್ರಶ್ನೆಗೆ ಉತ್ತರ ನನ್ನಲ್ಲಿಯೂ ಇಲ್ಲ. ಎಣಿಕೆ ಬೇರೆ, ಹೆಸರು ಬೇರೆ ಎಂದು ಮೂವತ್ತು ವರ್ಷ ಎಷ್ಟು ಚೆನ್ನಾಗಿ ಕಲಿಸಿದೆ! ಕೇಳಿದವರೆಲ್ಲ ತಲೆದೂಗಿದರು. ಒಂದೇ ಛಾವಣಿಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದವರನ್ನು ಸಾಲಾಗಿ ಬರೆದು ಬೇರ್ಪಡಿಸಲು ನಿನಗೆ ಹೇಳಿದವನು ನಾನು. ಆ ತಾಯಿ ಅದನ್ನು ಹಸಿದವನಿಗೆ ಅನ್ನವಿಡುವಷ್ಟು ಸಲೀಸಾಗಿ ಕಂಡರು. ನಾನು ಅಷ್ಟೆಲ್ಲ ಓದಿಯೂ ಕಾಣಲಿಲ್ಲ. ಇದಕ್ಕೆ ನಿನ್ನಿಂದ ಕ್ಷಮೆ ಕೇಳುವುದು ಸುಲಭ. ಅವರಿಂದ ಕೇಳಲು ಎದುರಿಗೆ ನಿಲ್ಲಬೇಕು.

ಇಲ್ಲಿನ ಹಿರಿಯರು ಮಧ್ಯಾಹ್ನವೇ ಕೂಡಿದರು. "ನಿಮ್ಮ ಬದಲು ಬೇರೆಯವರನ್ನ ಕಳಿಸೋಣ ಗುರುಗಳೇ, ಗಟ್ಟಿಮುಟ್ಟಾದ ಹುಡುಗರು ಇದ್ದಾರೆ" ಎಂದರು ಒಬ್ಬರು. ಇದ್ದಾರೆ, ನಿಜ. ಬಾಗಿಲ ಬಳಿಯೇ ಸಾಲಾಗಿ ನಿಂತಿದ್ದರು. ನಾನು ಒಂದು ಮಾತು ಹೇಳಿದ್ದರೆ ಯಾರಾದರೂ ಸಂಜೆಯೊಳಗೆ ಹೊರಟುಬಿಡುತ್ತಿದ್ದರು. ನೀನೂ ಹಾಗೆಯೇ ಹೊರಟಿದ್ದೆ. ಅವರ ಮುಖಗಳನ್ನು ನೋಡಿ, "ಸಾಕು, ಈ ಸಲ ನಾನೇ ಹೋಗ್ತೀನಿ" ಎಂದೆ. "ನಿಮ್ಮ ಮೊಣಕಾಲು ಮೆಟ್ಟಿಲು ಹತ್ತೋದಿಲ್ಲ, ಬೆಟ್ಟ ಹತ್ತುತ್ತಾ?" ಎಂದು ಆ ಹಿರಿಯರು ಕೇಳಿದ್ದಕ್ಕೆ ಯಾರೂ ನಗಲಿಲ್ಲ.

ಚಳಿಗಾಲಕ್ಕೆ ಹಡಗುಗಳು ನಿಂತು ಕಡಲು ಮುಚ್ಚಿದೆ. ಬೆಟ್ಟದ ದಾರಿಯಲ್ಲಿ ಹಿಮ ಬಿದ್ದಿದೆ ಎನ್ನುತ್ತಾರೆ. ಹೇಸರಗತ್ತೆಯ ಮೇಲೆ ಹೋದರೂ ಮೂವತ್ತು ದಿನದ ಪಯಣ. ಹರಕೆಗೆ ಇಪ್ಪತ್ತೆಂಟು ದಿನ ಉಳಿದಿದೆ. ಕುದುರೆಯವನೊಬ್ಬ ನಾಳೆ ಮುಂಜಾನೆ ಆ ಕಡೆ ಹೊರಡುವುದರಿಂದ ಈ ಪತ್ರ ನನಗಿಂತ ಮೊದಲು ಬರುತ್ತದೆ. ಕರಣಿಕನು ಇದನ್ನೂ ಒಡೆದು ಓದುತ್ತಾನೆಂದು ಬಲ್ಲೆ, ಓದಲಿ. ಹೆರ್ಮೊಗೆನನೇ, ಪಟ್ಟಿಯನ್ನು ಬರೆಸಿಕೊಂಡವನು ಹೊರಟಿದ್ದಾನೆ. ಎರಡು ದಿನ ತಡವಾದರೆ ದಯವಿಟ್ಟು ಕಾಯಿರಿ. ಉತ್ತರ ಹೇಳಬೇಕಾದವನು ನಾನು, ಆ ಏಳರ ತಪ್ಪನ್ನು ನನ್ನ ತಲೆಗೇ ಕಟ್ಟಿರಿ, ಈ ಮಗುವಿನ ತಲೆಗಲ್ಲ.

ಎಲ್ನಾತಾನ, ಒಂದು ಸಂಗತಿ ದಾರಿಗೆ ಬುತ್ತಿ ಕಟ್ಟುವಾಗ ಹೊಳೆಯಿತು. ಆ ಪಟ್ಟಿಯನ್ನು ನಾನು ಕಂಡೇ ಇಲ್ಲ. ನನಗೆ ಗೊತ್ತಿರುವುದು ಓಬದ್ಯ, ಹುಲ್ದಾ, ಎರಡೇ ಹೆಸರು. ಅವರಿಬ್ಬರನ್ನೂ ಕರಣಿಕನು ಆಗಲೇ ಗುರುತಿಸಿದ್ದಾನೆ. ಉಳಿದ ಏಳು ಮಂದಿ ಯಾರೆಂದು ನನ್ನನ್ನು ಯಾವ ರೀತಿಯಲ್ಲಿ ಕೇಳಿದರೂ ನನ್ನ ಬಾಯಿಂದ ಹೊರಬರಲು ಅಲ್ಲಿ ಏನೂ ಇಲ್ಲ. ಅಷ್ಟು ಬೇಡಿದರೂ ದೇವರು ಆ ಓಲೆಯನ್ನು ನನಗೆ ಏಕೆ ತಲುಪಿಸಲಿಲ್ಲವೆಂದು ಏಲೂಲಿನಿಂದ ಕೊರಗುತ್ತಿದ್ದೆ.

ನೀನು ಬಾಯಿ ಬಿಡಬೇಡ. ತಿನ್ನುವುದನ್ನು ನಿಲ್ಲಿಸಬೇಡ. ನಮ್ಮವರಿಗೆ ತಾಯಿಯ ಮೂಲಕ ತಿಳಿಸು: ಯಾರೂ ತಲೆಯೆತ್ತದಿರಲಿ, ಯಾರೂ ಹಿಂದಿರುಗಿ ನೋಡದಿರಲಿ. ನಾನು ಊರಿಗೆ ಬಂದು ಸಂತೆಯ ನಡುವೆ ನಿಲ್ಲುತ್ತೇನೆ. ಕರಣಿಕನು ಯಾವ ಹೆಸರನ್ನಾದರೂ ಕೂಗಲಿ. ಅದು ಯಾರದೆಂದು ನನಗೆ ತಿಳಿದಿರುವುದಿಲ್ಲ. ಪ್ರತಿ ಸಲವೂ ನಾನೇ ತಿರುಗುತ್ತೇನೆ.

ನಿನ್ನ
ಶೆಮಾಯ